ಗೋಡೆಯ ಮೇಲಿನ ಸೀಮೆಸುಣ್ಣ

ಬೇಸ್‌ಬಾಲ್ ಅಭಿಮಾನಿಯ ತಾಳ್ಮೆ ದೊಡ್ಡದು. ಅಮೆರಿಕದ ಪ್ರಮುಖ ಲೀಗಿನಲ್ಲಿ ಒಂದು ತಂಡ ವಸಂತದಿಂದ ಶರತ್ಕಾಲದವರೆಗೆ 162 ಪಂದ್ಯ ಆಡಬೇಕು, ಅರ್ಧದಷ್ಟು ತವರಿನಲ್ಲಿ. ಹೆಚ್ಚುಕಡಿಮೆ ದಿನಕ್ಕೊಂದು. ಸೋತ ಬೇಸರ ಆರುವ ಮೊದಲೇ ಮರುದಿನದ ಆಟ ಶುರು.

ಈ ತಾಳ್ಮೆಯಲ್ಲಿ ಷಿಕಾಗೊ ಕಬ್ಸ್ ತಂಡದ ಅಭಿಮಾನಿಗಳನ್ನು ಮೀರಿಸುವವರು ಅಪರೂಪ. 1908ರಲ್ಲಿ ವರ್ಲ್ಡ್ ಸೀರೀಸ್ ಗೆದ್ದ ತಂಡ ಮತ್ತೆ ಗೆದ್ದದ್ದು 2016ರಲ್ಲಿ. ನಡುವೆ 108 ವರ್ಷ! 'ಬರುವ ವರ್ಷ ನೋಡೋಣ' ಎನ್ನುತ್ತಲೇ ಅಜ್ಜ ಹೋದ, ಅಪ್ಪನೂ ಹೋದ. 2016ರಲ್ಲೂ ಅಷ್ಟೆ: ಲೀಗಿನಲ್ಲೇ ಅತಿ ಹೆಚ್ಚು, 103 ಪಂದ್ಯ ಗೆದ್ದ ತಂಡ 58ರಲ್ಲಿ ಸೋತಿತ್ತು. ಕ್ಲೀವ್‌ಲ್ಯಾಂಡಿನಲ್ಲಿ ನಡೆದ ನಿರ್ಣಾಯಕ ಪಂದ್ಯ ಒಂಬತ್ತು ಇನಿಂಗ್ಸ್ ಮುಗಿದರೂ 6–6 ಸಮ. ಆಗಲೇ ಮಳೆ! ಹದಿನೇಳು ನಿಮಿಷ ಕಾದು, ಹತ್ತನೆಯ ಇನಿಂಗ್ಸ್‌ನಲ್ಲಿ 8–7ರ ಗೆಲುವು.

ಆ ದಿನಗಳಲ್ಲಿ ಅಭಿಮಾನಿಗಳು ಮಾಡಿದ್ದೇನು ಗೊತ್ತೇ? ತವರು ಮೈದಾನ ರಿಗ್ಲಿ ಫೀಲ್ಡ್‌ನ ಹೊರಗೋಡೆಯ ಇಟ್ಟಿಗೆಗಳ ತುಂಬ ಬಣ್ಣದ ಸೀಮೆಸುಣ್ಣದಲ್ಲಿ ಹೆಸರು ಬರೆದರು. ಈ ದಿನ ಕಾಣದೆ ತೀರಿಕೊಂಡ ಅಪ್ಪ, ಅಜ್ಜಿ, ಗೆಳೆಯರ ಹೆಸರು.

ಮೂವತ್ತು ವರ್ಷ ಸೀಮೆಸುಣ್ಣ ಹಿಡಿದವನು ನಾನು. ಅದು ಮೇಲ್ಮೈಗೆ ಅಂಟಿದ ಪುಡಿಯಷ್ಟೆ. ನಾಲ್ಕು ಮಳೆ ಬಿದ್ದರೆ ಹೋಯಿತು. ಬರೆದವರಿಗೂ ಅದು ತಿಳಿದಿತ್ತು. ಆದರೂ ಏಣಿ, ಹೆಗಲು ಏರಿ ಬರೆದರು. ಹೋದವರಿಗೆ ಸುದ್ದಿ ಮುಟ್ಟಿಸಲು ಬೇರೆ ದಾರಿಯನ್ನು ನನ್ನ ವಿಜ್ಞಾನವೂ ಹೇಳಿಕೊಡದು.

ಮರು ಏಪ್ರಿಲ್‌ಗೆ ಮತ್ತೆ 162 ಪಂದ್ಯ ಕಾದಿದ್ದವು.