ಅಳತೆಕಡ್ಡಿಯನ್ನು ನೋಡಿ ನಗಬೇಡಿ

ಶಾರ್ಜಾದ ಇಂಡಸ್ಟ್ರಿಯಲ್ ಏರಿಯಾ ಇರಲಿ, ಅಬುಧಾಬಿಯ ಮುಸಫ್ಫಾ ಇರಲಿ, ಗ್ಯಾರೇಜುಗಳಲ್ಲಿ ದುಡಿಯುವ ನಮ್ಮವರ ಟೂಲ್ ಬಾಕ್ಸಿನಲ್ಲಿ ಅಂಗಡಿಯಲ್ಲಿ ಸಿಗದ ಒಂದೆರಡು ಸಾಮಾನು ಇದ್ದೇ ಇರುತ್ತವೆ. ಗಟ್ಟಿ ಕಂಬಿಯ ತುಂಡನ್ನು ಅರದಿಂದ ಉಜ್ಜಿ ಮಾಡಿಕೊಂಡ ಅಳತೆಕಡ್ಡಿ ಅಂಥದ್ದೊಂದು. ‘ಜುಗಾಡ್’ ಎಂದು ನಗುವವರಿದ್ದಾರೆ. ಔಷಧ ಅಳೆದು ಕೊಟ್ಟೇ ಬದುಕುವ ನಮಗೆ ಆ ನಗು ಹಿಡಿಸುವುದಿಲ್ಲ.

ಅದರ ಕೆಲಸ ನೋಡಿ. ವಾಲ್ವ್ ಮುಚ್ಚಿದಾಗ ಸ್ಪ್ರಿಂಗ್ ಕೂರುವ ತಳದಿಂದ ರಿಟೈನರ್ ಅಡಿಯವರೆಗಿನ ಎತ್ತರ ಕಂಪನಿಯ ಪುಸ್ತಕದಲ್ಲಿ ಹೇಳಿದಷ್ಟೇ ಇರಬೇಕು. ವಾಲ್ವ್, ಸೀಟು ಗ್ರೈಂಡ್ ಮಾಡಿದ ಮೇಲೆ ವಾಲ್ವ್ ಹೆಡ್ಡಿನೊಳಗೆ ಕುಸಿದು ರಿಟೈನರ್ ಮೇಲೇರುತ್ತದೆ. ಎತ್ತರ ಹೆಚ್ಚಿ ಸ್ಪ್ರಿಂಗಿನ ಬಿಗಿ ಇಳಿಯುತ್ತದೆ. ಮಿಲಿಮೀಟರಿಗೆ 50 ನ್ಯೂಟನ್ ಒತ್ತುವ ಸ್ಪ್ರಿಂಗಾದರೆ ಒಂದೂವರೆ ಮಿಲಿಮೀಟರಿಗೆ 75 ನ್ಯೂಟನ್, ಅಂದರೆ ಸುಮಾರು ಏಳೂವರೆ ಕಿಲೋ ಭಾರದಷ್ಟು ಬಲ ಹೋಯಿತು. ವೇಗ ಏರಿದಾಗ ವಾಲ್ವ್ ಹೊತ್ತಿಗೆ ಸರಿಯಾಗಿ ಮುಚ್ಚದೆ ಪಿಸ್ಟನ್ನಿಗೆ ತಾಗಿದರೆ ಇಂಜಿನ್ ಕಥೆ ಮುಗಿಯಿತು. ಸ್ಪ್ರಿಂಗ್ ತೆಗೆದು, ರಿಟೈನರ್ ಮತ್ತು ಲಾಕ್ ಕೂರಿಸಿ ಮೇಲಕ್ಕೆಳೆದು ಹಿಡಿದು, ಸರಿಯಾದ ಎತ್ತರಕ್ಕೆ ಕತ್ತರಿಸಿದ ಕಡ್ಡಿಯನ್ನು ನಿಲ್ಲಿಸಬೇಕು. ಮೇಲುಳಿದ ಸಂದಿಗೆ ಫೀಲರ್ ಗೇಜ್ ತೂರಿಸಿದರೆ ಎಷ್ಟು ದಪ್ಪದ ಶಿಮ್ ಬೇಕೆಂದು ತಿಳಿಯುತ್ತದೆ. ಇಷ್ಟು ಸರಳ.

ಅಮೆರಿಕದ ಉತ್ತರ ಕ್ಯಾರೊಲಿನಾದ ಲೆವೆಲ್ ಕ್ರಾಸ್ ಎಂಬ ಹಳ್ಳಿಯಲ್ಲಿ ಪೆಟ್ಟಿ ಕುಟುಂಬ 1949ರಲ್ಲಿ ರೇಸ್ ಕಾರು ಕಟ್ಟತೊಡಗಿದ್ದು ಹೊಲದ ಶೆಡ್ಡಿನಲ್ಲಿ. ಆ ಮನೆಯ ರಿಚರ್ಡ್ ಪೆಟ್ಟಿ 200 ರೇಸ್ ಗೆದ್ದರು. ಅದೇ ರಾಜ್ಯದ ಷಾರ್ಲಟ್‌ನಲ್ಲಿ 2010ರಿಂದ ನಾಸ್ಕಾರ್ ಹಾಲ್ ಆಫ್ ಫೇಮ್ ಇದೆ. ಅಲ್ಲಿ ಶೆಡ್ಡಿನ ಕೈಗೆಲಸಕ್ಕೆ ಮ್ಯೂಸಿಯಂ, ಇಲ್ಲಿ ಗೇಲಿ!

ಆದರೆ ಒಂದು ವಿಷಯದಲ್ಲಿ ನಾವು ಕಟ್ಟುನಿಟ್ಟು. ಮಗುವಿನ ಸಿರಪ್ಪಿಗೆ ಮನೆಯ ಚಮಚ ಬೇಡವೆನ್ನುತ್ತೇವಲ್ಲ, ಅದು ಮನೆಯದೆಂಬ ಕಾರಣಕ್ಕಲ್ಲ. ಒಂದು ಚಮಚದಂತೆ ಇನ್ನೊಂದಿಲ್ಲ ಎಂದು. (ಡಿಪ್ಲೊಮಾ ಲ್ಯಾಬಿನಲ್ಲಿ ಮಾತ್ರೆಯ ಗಟ್ಟಿತನ ನೋಡುವ ಮಾನ್ಸಾಂಟೊ ಟೆಸ್ಟರಿನಲ್ಲೂ ಇರುವುದು ಒಂದು ಸ್ಪ್ರಿಂಗೇ; ಅದರ ಅಳತೆ ತಪ್ಪಿದರೆ ಫಲಿತಾಂಶವೂ ತಪ್ಪು.) ಹಾಗೆಯೇ ಕಡ್ಡಿಯನ್ನು ಪ್ರತಿಸಲವೂ ವರ್ನಿಯರಿಗೆ ಹಿಡಿದು ನೋಡಿ. ಯಾವ ಇಂಜಿನ್ನಿನದು, ಎಷ್ಟು ಮಿಲಿಮೀಟರ್ ಎಂದು ಅದರ ಮೇಲೇ ಕೊರೆದಿಡಿ. ತುದಿ ಸವೆದರೆ ಬಿಸಾಡಿ, ಮಮತೆ ಬೇಡ.

ಆ ವರ್ನಿಯರನ್ನು ಕೊಡಿಸಬೇಕಾದವರು ಗ್ಯಾರೇಜ್ ಮಾಲೀಕರು. ಊರಿಗೆ ಕಳಿಸುವ ದುಡ್ಡಿನಲ್ಲಿ ಹುಡುಗ ಅದನ್ನೂ ಕೊಳ್ಳಲಿ ಎನ್ನುವುದು ಅನ್ಯಾಯ. ಇನ್ನು ನಮ್ಮ ಮೆಕ್ಯಾನಿಕ್ ಅಣ್ಣತಮ್ಮಂದಿರಿಗೆ: ಮುಂದಿನ ಇಂಟರ್‌ವ್ಯೂಗೆ ಹೋಗುವಾಗ ಸರ್ಟಿಫಿಕೇಟಿನ ಜೊತೆ ಆ ಕಡ್ಡಿಯನ್ನೂ ಒಯ್ದು ಮೇಜಿನ ಮೇಲಿಡಿ, ಹೇಗೆ ಅಳೆಯುತ್ತೀರೆಂದು ತೋರಿಸಿ, ಆಮೇಲೆ ಸಂಬಳದ ಮಾತಾಡಿ.