ಕುಂಸಿಯ ಲೆಕ್ಕ ಯಾರಿಗೆ ಬೇಕು?

ಶಿವಮೊಗ್ಗದಿಂದ ಸಾಗರಕ್ಕೆ ಹೋಗುವ ಹಾದಿಯಲ್ಲಿರುವ ಕುಂಸಿಯು ಒಂದು ಕಾಲಕ್ಕೆ ಮ್ಯಾಂಗನೀಸ್ ಗಣಿಗಳಿಂದ ಹೆಸರಾಗಿದ್ದ ಊರು. ಇಂತಹ ಊರುಗಳಲ್ಲಿ ಈಗ ಗೊಬ್ಬರದಂಗಡಿ, ಔಷಧದಂಗಡಿ, ಅಡಿಕೆ ವ್ಯಾಪಾರಗಳ ಲೆಕ್ಕವೂ ಕಂಪ್ಯೂಟರನ್ನು ಸೇರುತ್ತಿದೆ. ಅಲ್ಲಿ ರ‍್ಯಾನ್ಸಮ್‌ವೇರಿನ, ಎಂದರೆ ಸುಲಿಗೆ ತಂತ್ರಾಂಶದ, ಮಾತೆತ್ತಿದರೆ ಬರುವ ಉತ್ತರ ಸಾಮಾನ್ಯವಾಗಿ ಒಂದೇ: “ನಮ್ಮ ಲೆಕ್ಕವನ್ನು ಕದ್ದು ಯಾರಿಗೇನಾಗಬೇಕು?” ಈ ಉತ್ತರವೇ ದೊಡ್ಡ ಅಪಾಯವೆಂದು ನಾವು ಭಾವಿಸುತ್ತೇವೆ. ಸುಲಿಗೆಗಾರನು ಆ ಲೆಕ್ಕವನ್ನು ಮೂರನೆಯವರಿಗೆ ಮಾರಬೇಕಾಗಿಲ್ಲ, ಅಂಗಡಿಯವನಿಗೇ ಮಾರುತ್ತಾನೆ. ಬಾಕಿದಾರರ ಪಟ್ಟಿ ಜಗತ್ತಿನಲ್ಲಿ ಬೇರಾರಿಗೂ ಬೇಡವಾಗಿರಬಹುದು, ಅದರ ಒಡೆಯನಿಗಂತೂ ಬೇಕು.

ಈ ಸುಲಿಗೆಯ ಮೊದಲ ಪ್ರಸಿದ್ಧ ಉದಾಹರಣೆ 1989ರದು. ಏಡ್ಸ್ ರೋಗದ ಮಾಹಿತಿ ಕೊಡುವ ನೆಪದಿಂದ ಸುಮಾರು 20,000 ಫ್ಲಾಪಿಗಳು ಅಂಚೆಯ ಮೂಲಕ ಹಲವು ದೇಶಗಳನ್ನು ಮುಟ್ಟಿದುವು. ಕಂಪ್ಯೂಟರನ್ನು ಸುಮಾರು ತೊಂಬತ್ತು ಸಲ ಚಾಲೂ ಮಾಡುವವರೆಗೆ ಅವುಗಳಲ್ಲಿದ್ದ ತಂತ್ರಾಂಶ ಸುಮ್ಮನಿರುತ್ತಿತ್ತು. ಆಮೇಲೆ ಕಡತಗಳ ಹೆಸರುಗಳನ್ನು ಗೂಢಲಿಪಿಗೆ ತಿರುಗಿಸಿ, ಪನಾಮಾದ ಅಂಚೆಪೆಟ್ಟಿಗೆಯೊಂದಕ್ಕೆ 189 ಡಾಲರು ಕಳುಹಿಸಬೇಕೆಂದು ಕೇಳುತ್ತಿತ್ತು. ಆದರೆ ಬೀಗ ಹಾಕಿದ ಕೀಲಿಕೈಯೇ ಬೀಗ ತೆಗೆಯುವ ಕೀಲಿಕೈಯೂ ಆಗಿತ್ತು, ಮತ್ತು ಅದು ತಂತ್ರಾಂಶದೊಳಗೇ ಅಡಗಿತ್ತು! ತಜ್ಞರು ಅದನ್ನು ಬಿಚ್ಚಿ ನೋಡಿ ಪ್ರತ್ಯುಪಾಯ ಕಂಡುಕೊಂಡರು.

ಇಂದು ಆ ಸೌಲಭ್ಯವಿಲ್ಲ. ಬೀಗ ಹಾಕಲು ಒಂದು ಕೀಲಿಕೈ, ತೆಗೆಯಲು ಇನ್ನೊಂದು. ಎರಡನೆಯದು ಸುಲಿಗೆಗಾರನ ಬಳಿಯಲ್ಲಿಯೇ ಉಳಿಯುತ್ತದೆ. ಇದರ ಹಿಂದಿರುವುದು ಸರಳವಾದ ಗಣಿತ ತತ್ತ್ವ. ಎರಡು ಬೃಹತ್ ಅವಿಭಾಜ್ಯ ಸಂಖ್ಯೆಗಳನ್ನು ಗುಣಿಸುವುದು ಕಂಪ್ಯೂಟರಿಗೆ ಕ್ಷಣಮಾತ್ರದ ಕೆಲಸ. ಗುಣಲಬ್ಧವನ್ನಷ್ಟೇ ಕೊಟ್ಟು ಆ ಸಂಖ್ಯೆಗಳನ್ನು ಹುಡುಕೆಂದರೆ ಇಂದಿನ ಯಂತ್ರಗಳಿಗೆ ಅದು ಸಾಧ್ಯವಾಗದು. ನಮ್ಮ ಬ್ಯಾಂಕು ವ್ಯವಹಾರವನ್ನು ಕಾಯುವ ಗಣಿತವೇ ಕಳ್ಳನಿಗೂ ಒದಗಿಬಂದಿತು. 2013ರ ಕ್ರಿಪ್ಟೊಲಾಕರ್ ಈ ಬೀಗವನ್ನೂ ಬಿಟ್‌ಕಾಯಿನ್ ಪಾವತಿಯನ್ನೂ ಜೊತೆಗೂಡಿಸಿತು. ಅಂಚೆಪೆಟ್ಟಿಗೆಯ ಗೊಡವೆ ತಪ್ಪಿತು.

2017ರ ಮೇ ತಿಂಗಳಲ್ಲಿ ವನ್ನಾಕ್ರೈ 150ಕ್ಕೂ ಹೆಚ್ಚು ದೇಶಗಳಲ್ಲಿ ಹಬ್ಬಿತು. ಅದು ನುಗ್ಗಿದ ಕಂಡಿಯನ್ನು ಮುಚ್ಚುವ ತಿದ್ದುಪಡಿಯನ್ನು ಮೈಕ್ರೋಸಾಫ್ಟ್ ಕಂಪೆನಿಯು ಎರಡು ತಿಂಗಳ ಹಿಂದೆಯೇ ಹೊರಡಿಸಿತ್ತೆಂಬುದು ಗಮನಾರ್ಹ. ಈಗಂತೂ ತಂತ್ರಾಂಶ ಬರೆಯುವವರು ಬೇರೆ, ಅದನ್ನು ಪಾಲಿನ ಕರಾರಿನ ಮೇಲೆ ಪಡೆದು ದಾಳಿ ಮಾಡುವವರು ಬೇರೆ. ತೆರೆದ ಬಾಗಿಲನ್ನು ಹುಡುಕುವುದು ಯಂತ್ರ. ಅದಕ್ಕೆ ಬೆಂಗಳೂರು, ಕುಂಸಿ ಎಂಬ ಭೇದ ತಿಳಿಯದು.

ಸಣ್ಣವರು ದೊಡ್ಡವರ ಯಂತ್ರವನ್ನು ಆಶ್ರಯಿಸಿದರೂ ಪಾರಾಗುವುದಿಲ್ಲ. 2024ರ ಜುಲೈ ಕೊನೆಯಲ್ಲಿ, ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳಿಗೆ ಕಂಪ್ಯೂಟರ್ ಸೇವೆ ಒದಗಿಸುವ ಸಿ-ಎಡ್ಜ್ ಸಂಸ್ಥೆ ಇಂತಹ ದಾಳಿಗೆ ಗುರಿಯಾದಾಗ, ರಾಷ್ಟ್ರೀಯ ಪಾವತಿ ನಿಗಮವು ಅದರ ಸಂಪರ್ಕವನ್ನು ಕಡಿಯಬೇಕಾಯಿತು. ದೇಶದ ಸುಮಾರು 300 ಸಣ್ಣ ಬ್ಯಾಂಕುಗಳ ಗ್ರಾಹಕರಿಗೆ ಪಾವತಿ ಸೇವೆ ನಿಂತಿತು. ಆಗಸ್ಟ್ 1ರಂದು ಸಂಪರ್ಕ ಮರಳಿತೆಂಬುದು ಸಮಾಧಾನ. ಬ್ರಿಟನ್ನಿನ ಕೆ.ಎನ್.ಪಿ. ಎಂಬ 158 ವರ್ಷಗಳ ಲಾರಿ ಸಾಗಣೆ ಸಂಸ್ಥೆಗೆ ಆ ಭಾಗ್ಯವಿರಲಿಲ್ಲ. 2023ರಲ್ಲಿ ಅದು ಮುಚ್ಚಿತು, ಸುಮಾರು 700 ಮಂದಿ ಕೆಲಸ ಕಳೆದುಕೊಂಡರು. ಒಳಹೊಗಲು ಸಾಕಾದದ್ದು ಒಂದು ದುರ್ಬಲ ಪಾಸ್‌ವರ್ಡ್ ಎಂದು ಹೇಳಲಾಗಿದೆ.

ಹಣ ತೆತ್ತು ಬಿಡುಗಡೆ ಪಡೆಯಬೇಕೆಂಬ ವಾದವನ್ನು ನಾವು ಒಪ್ಪೆವು. ಕೀಲಿಕೈ ಬರುವುದೆಂಬ ಭರವಸೆಯಿಲ್ಲ. ತೆತ್ತ ಹಣ ಮುಂದಿನ ದಾಳಿಯ ಬಂಡವಾಳವಾಗುತ್ತದೆ. ಬೇಕಾದುದು ಲೆಕ್ಕದ ಇನ್ನೊಂದು ಪ್ರತಿ. ಅದು ಕಂಪ್ಯೂಟರಿಗೆ ಸದಾ ತಗುಲಿಕೊಂಡಿರಬಾರದು, ಏಕೆಂದರೆ ತಗುಲಿದ ಡಿಸ್ಕಿಗೂ ಬೀಗ ಬೀಳುತ್ತದೆ. 2019ರಿಂದೀಚೆಗೆ ಸುಲಿಗೆಗಾರರು ಕಡತಗಳನ್ನು ಮೊದಲು ಕದ್ದು, ಬಯಲು ಮಾಡುವೆವೆಂದೂ ಹೆದರಿಸುತ್ತಾರೆ. ಅದಕ್ಕೆ ಪ್ರತಿಯೊಂದೇ ಮದ್ದಲ್ಲ, ನಿಜ. ಆದರೂ ಮರುದಿನ ಅಂಗಡಿ ತೆರೆಯುವುದಕ್ಕೆ ಅದು ಸಾಕು.

ಇದನ್ನು ಓದುತ್ತಿರುವ ವಿದ್ಯಾರ್ಥಿಗಳ ಮನೆಯಲ್ಲಿಯೇ ಅಂಗಡಿಯಿದ್ದರೆ, ಆ ಪ್ರತಿ ಎಲ್ಲಿದೆಯೆಂದು ಇಂದೇ ಕೇಳಬಹುದು. ಇದೆಯೆಂದು ಉತ್ತರ ಬಂದರೆ ಬೇರೊಂದು ಕಂಪ್ಯೂಟರಿನಲ್ಲಿ ಅದನ್ನು ತೆರೆದು, ಕಳೆದ ವಾರದ ಒಂದು ರಸೀತಿ ಸಿಗುವುದೋ ಇಲ್ಲವೋ ನೋಡಬೇಕು.