ಇಪ್ಪತ್ತೊಂದು ಸಾವಿರದ ಗೆರೆ

ಬೆಂಗಳೂರಿನ ಕಾಮಾಕ್ಷಿಪಾಳ್ಯದ ಲೇತ್ ಶೆಡ್ಡೊಂದರಲ್ಲಿ ಟರ್ನರ್ ಆಗಿರುವ ನಮ್ಮ ಬೀದಿಯವರೊಬ್ಬರು ಈ ಸಲ ಮಾಲೀಕರ ಮುಂದೆ ನಿಂತು, ‘ನನಗೆ ಇನ್‌ಕ್ರಿಮೆಂಟ್ ಬೇಡ’ ಎಂದು ಕೇಳಿಕೊಂಡರು. ಸಂಬಳ 20,800 ರೂಪಾಯಿ. ಐನೂರು ಸೇರಿದರೆ 21,000 ದಾಟುತ್ತದೆ, ದಾಟಿದರೆ ಇಎಸ್‌ಐ, ಅಂದರೆ ಕಾರ್ಮಿಕರ ಆರೋಗ್ಯ ವಿಮೆ, ತಪ್ಪುತ್ತದೆ. ಅವರ ಹೆಂಡತಿಗೆ ವಾರಕ್ಕೆರಡು ಸಲ ಡಯಾಲಿಸಿಸ್.

‘ಐನೂರು ಇಟ್ಕೊಂಡು ಏನ್ ಮಾಡ್ಲಿ ಸಾರ್, ಅವಳು ಉಳೀಬೇಕಲ್ಲ’ ಎಂದು ಸಂಬಳದ ಚೀಟಿ ನನ್ನ ಮುಂದಿಟ್ಟರು. ಅಂಚಿನಲ್ಲಿ ಎಣ್ಣೆಕೈಯ ಗುರುತು. ಇಎಸ್‌ಐ ಕಡಿತ 156 ರೂಪಾಯಿ. ನೂರಕ್ಕೆ ಮುಕ್ಕಾಲು ರೂಪಾಯಿ ಅವರದು, ಮೂರೂಕಾಲು ಮಾಲೀಕರದು. ಆ ಮನೆಯ ಜೀವ ನಿಂತಿರುವುದು ಈ ಲೆಕ್ಕದ ಮೇಲೆ.

ಇಎಸ್‌ಐ ಕಾಯ್ದೆ ಬಂದದ್ದು 1948ರಲ್ಲಿ, ಸಂವಿಧಾನಕ್ಕಿಂತ ಮೊದಲು. ಜರ್ಮನಿ 1883ರಲ್ಲೇ ಕಾರ್ಮಿಕರಿಗೆ ಕಾಯಿಲೆ ವಿಮೆ ತಂದಿತ್ತು, ನಮ್ಮಲ್ಲಿ ಬಿ. ಪಿ. ಅದರ್ಕರ್ 1944ರಲ್ಲಿ ಕೊಟ್ಟ ವರದಿ ಇದಕ್ಕೆ ತಳಪಾಯ. ಆಗಷ್ಟೇ ಸ್ವತಂತ್ರವಾದ, ಕೈಯಲ್ಲಿ ಕಾಸಿಲ್ಲದ ದೇಶ, ಯಂತ್ರದ ಮುಂದೆ ನಿಂತವನ ಕಾಯಿಲೆ ಅವನೊಬ್ಬನ ಹಣೆಬರಹವಲ್ಲ ಎಂದು ಬರೆದುಕೊಂಡಿತು. ನನಗೆ ಅದು ಇವತ್ತಿಗೂ ದೊಡ್ಡ ಮಾತಾಗಿ ಕಾಣುತ್ತದೆ. ಕಾರ್ಖಾನೆಗಳ ಸುತ್ತ ಬೆಳೆದ ರಾಜಾಜಿನಗರದಲ್ಲಿ ಆ ಮಾತು ಇಎಸ್‌ಐ ಆಸ್ಪತ್ರೆಯ ಕಟ್ಟಡವಾಗಿ ನಿಂತಿದೆ. ಪೀಣ್ಯದ ಫೌಂಡ್ರಿಯವರು, ಮೈಸೂರು ರಸ್ತೆಯ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಬೆಳಗಾಗುತ್ತಲೇ ಪ್ಲಾಸ್ಟಿಕ್ ಕವರಿನಲ್ಲಿ ಫೈಲು ಹಿಡಿದು ಅಲ್ಲಿ ಸಾಲು ನಿಲ್ಲುತ್ತಾರೆ. ಸಾಲು ಉದ್ದ, ಕಾಯುವಿಕೆ ಇನ್ನೂ ಉದ್ದ. ಆದರೂ ಬರುತ್ತಾರೆ, ಯಾಕೆಂದರೆ ಬಿಲ್ಲು ಕೈಗೆ ಬರುವುದಿಲ್ಲ. ಹೆರಿಗೆಯಾದವಳಿಗೆ 26 ವಾರ ಸಂಬಳ ಸಿಗುತ್ತದೆ. ಅಲ್ಲಿಯೇ ಇರುವ ಮೆಡಿಕಲ್ ಕಾಲೇಜಿನಲ್ಲಿ ವಿಮೆದಾರರ ಮಕ್ಕಳಿಗೆಂದು ಸೀಟುಗಳಿವೆ. ಹೊಲಿಗೆ ಯಂತ್ರ ತುಳಿದವಳ ಮಗಳು ಸ್ಟೆತೊಸ್ಕೋಪ್ ಹಾಕಿಕೊಂಡು ಅದೇ ವಾರ್ಡಿನಲ್ಲಿ ಓಡಾಡುವುದು ಸಾಧ್ಯವಾದದ್ದು ಒಂದು ಕಾಯ್ದೆಯಿಂದ.

ಅಂಥ ವ್ಯವಸ್ಥೆಗೆ ಅಡ್ಡ ಬಂದಿರುವುದು ಒಂದು ಅಂಕಿ. 2017ರ ಜನವರಿ 1ರಂದು ಕೇಂದ್ರ ಸರ್ಕಾರ ವೇತನ ಮಿತಿಯನ್ನು 15,000ದಿಂದ 21,000ಕ್ಕೆ ಏರಿಸಿತು. ಆಮೇಲೆ ಬಾಡಿಗೆ ಏರಿತು, ಅಕ್ಕಿ ಏರಿತು. ಗೆರೆ ಮಾತ್ರ ವರ್ಷಗಟ್ಟಲೆ ಇದ್ದಲ್ಲೇ ಇತ್ತು. 2025ರ ಏಪ್ರಿಲ್‌ನಲ್ಲಿ ರಾಜ್ಯ ಸರ್ಕಾರ ಹೊರಡಿಸಿದ ಕನಿಷ್ಠ ವೇತನದ ಕರಡು, ಬೆಂಗಳೂರಿನಲ್ಲಿ ಕೌಶಲವಿಲ್ಲದ ಕೆಲಸಕ್ಕೂ 23,000 ದಾಟುವ ಸಂಬಳ ಸೂಚಿಸಿತು. ನ್ಯಾಯವಾದದ್ದೇ, ನಾನು ಅದರ ಪರ. ಆದರೆ ಎರಡನ್ನೂ ಒಟ್ಟಿಗಿಟ್ಟು ನೋಡಿ: ಒಂದು ಸರ್ಕಾರ ಬದುಕಲು ಇಷ್ಟಾದರೂ ಬೇಕು ಎನ್ನುವ ಸಂಬಳ ಪಡೆದವನು, ಇನ್ನೊಂದು ಸರ್ಕಾರದ ಕಣ್ಣಿಗೆ ಆಸ್ಪತ್ರೆಯ ನೆರಳೇ ಬೇಡದಷ್ಟು ಅನುಕೂಲಸ್ಥ.

ಮಿತಿ ಏರಿಸಲು ಸಂಸತ್ತಿನಲ್ಲಿ ಮಸೂದೆ ಬೇಕಿಲ್ಲ, ಕೇಂದ್ರದ ಒಂದು ಅಧಿಸೂಚನೆ ಸಾಕು. ಈ ಮಿತಿಯನ್ನು ಕನಿಷ್ಠ ವೇತನಕ್ಕೆ ಗಂಟು ಹಾಕಿ, ಅದು ಏರಿದಾಗ ಇದೂ ತಾನಾಗಿ ಏರುವಂತೆ ಮಾಡಬೇಕು. ದೆಹಲಿಗೆ ಹೋಗುವ ನಮ್ಮ ಸಂಸದರು ಇದನ್ನೊಂದು ಕೇಳಲಿ.

ಮಾಲೀಕರು ಒಳ್ಳೆಯವರು, ಒಪ್ಪಿದರಂತೆ. ಚೀಟಿಯನ್ನು ನಾಲ್ಕಾಗಿ ಮಡಿಸಿ ಜೇಬಿಗಿಟ್ಟುಕೊಂಡ ಟರ್ನರ್ ಹೊರಟು ನಿಂತರು. ಮರುದಿನ ಡಯಾಲಿಸಿಸ್ ಇತ್ತು, ಬೆಳಿಗ್ಗೆ ಆರಕ್ಕೆ ಆಟೊ ಹೇಳಬೇಕಿತ್ತು.